ಹಿಪ್ಪೆಮರದ ಬಾಣಂತಿ

ನಮ್ಮ ಅಜ್ಜಿಯನ್ನು ಮಾತಿನಲ್ಲಿ ಕಟ್ಟಿಹಾಕಿದವಳು ಅವಳ ಜೀವಮಾನದಲ್ಲಿ ನಾನೊಬ್ಬಳೇ, ಅದೂ ಒಂದೇ ಒಂದು ಸಲ. ಆಗ ನನಗೆ ಒಂಬತ್ತು ವರ್ಷ. ಆಮೇಲೆ ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದ್ದೇನೆ, ಇನ್ಸ್‌ಪೆಕ್ಟರುಗಳ ಎದುರು ವಾದ ಮಾಡಿ ಗೆದ್ದಿದ್ದೇನೆ, ಗಂಡನ ಮನೆಯ ಪಂಚಾಯಿತಿಗಳಲ್ಲಿ ಯಾರಿಗೂ ಸೊಪ್ಪು ಹಾಕದೆ ಕೂತಿದ್ದೇನೆ. ಆದರೆ ಆ ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಹೇಳಿದ ನಾಲ್ಕು ಮಾತಿನಷ್ಟು ಗಟ್ಟಿಯಾದ ಮಾತು ಮತ್ತೆ ನನ್ನ ಬಾಯಿಂದ ಬಂದಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಈ ವಯಸ್ಸಿನಲ್ಲಿ ಜಂಬ ಪಡದೆ ಇನ್ಯಾವಾಗ ಪಡಲಿ? ಆ ಮಾತನ್ನು ನನಗೆ ಕಲಿಸಿದ್ದು ಹಿತ್ತಲಿನ ಹಿಪ್ಪೆಮರದ ಪೊಟರೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ಒಂದು ಮಂಗಟ್ಟೆ ಹಕ್ಕಿ.

ನಮ್ಮ ಊರು ಶಿಕಾರಿಪುರದಿಂದ ಅಂಜನಾಪುರದ ಕಡೆ ಹೋಗುವಾಗ ಸಿಗುತ್ತಿತ್ತು. ಅಂಜನಾಪುರದ ನೀರು ಕಾಲುವೆಯಲ್ಲಿ ನಮ್ಮ ಗದ್ದೆಗೆ ಬರುತ್ತಿದ್ದುದರಿಂದ ಊಟಕ್ಕೆ ತೊಂದರೆಯಿರಲಿಲ್ಲ. ಮನೆಗೆ ನಾಡಹೆಂಚು, ದಪ್ಪ ಮಣ್ಣಿನ ಗೋಡೆ. ತಲೆಬಾಗಿಲು ದಾಟಿದರೆ ಮೊದಲು ಎದುರಾಗುತ್ತಿದ್ದವು ದನಗಳು. ಅವುಗಳ ಬಾಲದ ಏಟು ತಪ್ಪಿಸಿಕೊಂಡು ಎರಡು ಮೆಟ್ಟಿಲು ಹತ್ತಿದರೆ ನಡುಮನೆ, ಅದರ ಬಲಕ್ಕೆ ಅಡುಗೆಮನೆ, ಎಡಕ್ಕೆ ಒಂದು ಕತ್ತಲೆ ಕೋಣೆ. ಬೇರೆ ದಿನಗಳಲ್ಲಿ ಆ ಕೋಣೆಯಲ್ಲಿ ಬೀಜದ ಭತ್ತ, ಉಪ್ಪಿನಕಾಯಿ ಭರಣಿ, ಕಾಲು ಮುರಿದ ಮಣೆ ಇರುತ್ತಿದ್ದವು. ಮನೆಯಲ್ಲಿ ಹೆರಿಗೆ ಅಂತಾದರೆ ಅವೆಲ್ಲ ಹೊರಗೆ ಬಂದು, ನೆಲಕ್ಕೆ ಸಗಣಿ ಬಿದ್ದು, ಹೊರಸು ಒಳಗೆ ಹೋಗಿ ಅದು ಬಾಣಂತಿ ಕೋಣೆಯಾಗುತ್ತಿತ್ತು. ಹಿತ್ತಲ ಕಡೆಗೆ, ಹೊರಸಿನಲ್ಲಿ ಮಲಗಿದವರ ಕೈಗೆಟಕುವ ಹಾಗೆ, ಅದಕ್ಕೊಂದು ಕಿಂಡಿ. ಒಂದು ಗೇಣು ಅಗಲ, ಒಳಗಿನಿಂದ ಹಾಕಿಕೊಳ್ಳುವ ಮರದ ಪುಟ್ಟ ಬಾಗಿಲು. ಆ ಕಿಂಡಿಯ ಎದುರಿಗೇ ಹುಲ್ಲಿನ ಬಣವೆ ಇದ್ದುದರಿಂದ ಒಳಗಿದ್ದವರಿಗೆ ಕಾಣುತ್ತಿದ್ದದ್ದು ಹುಲ್ಲು ಮಾತ್ರ.

ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ನಮ್ಮ ಮನೆಗೆ ಇನ್ನೂ ಬಂದಿರಲಿಲ್ಲ. ಅಲ್ಲಿ ಅಜ್ಜಿಯದೇ ರಾಜ್ಯ. ಅವಳು ಅಪ್ಪನ ತಾಯಿ. ಕುಳ್ಳಗೆ, ಒಣಕಲಾಗಿ ಇದ್ದಳು, ಆದರೆ ಅವಳ ಹೆಜ್ಜೆ ಸಪ್ಪಳ ಕೇಳಿದರೆ ಅಪ್ಪ ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಿದ್ದ, ಅವ್ವ ಒಲೆಯ ಮುಂದೆ ಸುಮ್ಮನೆ ಕೂತಿದ್ದರೂ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಊರಿನ ಅರ್ಧ ಜನರಿಗೆ ಮೊದಲ ನೀರು ಎರೆದ ಕೈ ಅವಳದು. ಯಾರ ಮನೆಯಲ್ಲಿ ಬಾಣಂತಿಯಿದ್ದರೂ ಕರೆ ಬರುವುದಕ್ಕೆ ಮೊದಲೇ ಹೋಗಿ, ಹಂಡೆಯ ನೀರಿನ ಕಾವು ನೋಡುವುದರಿಂದ ಹಿಡಿದು ಸಾರಿಗೆ ಎಷ್ಟು ಮೆಣಸು ಅನ್ನುವವರೆಗೆ ಹೇಳಿ ಬರುತ್ತಿದ್ದಳು. ಒಂದು ಮನೆಯಲ್ಲಿ ಬಾಣಂತಿ ಸೊಸೆಗೆ ಹಿಂದಿನ ದಿನದ ತಂಗಳು ಬಡಿಸಿದ್ದನ್ನು ಕಣ್ಣಾರೆ ಕಂಡು, ಅಲ್ಲೇ ಆ ಮನೆಯೊಡತಿಯ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳಂತೆ.

"ಬಾಣಂತಿ ಹೊಟ್ಟೆ ಉರಿಸೋ ಮನೀಲಿ ನಾನು ನೀರೂ ಮುಟ್ಟಲ್ಲ."

ಮುಟ್ಟಲೇ ಇಲ್ಲ. ಆ ಮನೆಯ ಮದುವೆ ಮುಂಜಿ ಯಾವುದಕ್ಕೂ ಹೋಗಲಿಲ್ಲ. ಆ ಮನೆಯವರು ದಾರಿಯಲ್ಲಿ ಸಿಕ್ಕರೆ ಕಾಲುವೆ ಏರಿ ಆಚೆ ದಾಟಿ ಹೋಗುತ್ತಿದ್ದಳು.

ಆ ವರ್ಷ ಯುಗಾದಿ ಕಳೆದ ವಾರ ನಮ್ಮ ಗಂಗಕ್ಕ ಅದೇ ಕೋಣೆಯಲ್ಲಿ ಹೆತ್ತಳು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು, ಸೊರಬದ ಕಡೆ ಹೊಸಬಾಳೆಗೆ ಕೊಟ್ಟಿದ್ದರು. ಚೊಚ್ಚಲು, ಹೆಣ್ಣುಮಗು. ಅಕ್ಕನ ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ತುರುಕಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಅಜ್ಜಿ ಕಟ್ಟಳೆಗಳನ್ನು ಒಂದೊಂದಾಗಿ ಹೇಳಿದಳು. ಗಾಳಿ ಸೋಕಬಾರದು. ತಣ್ಣನೆಯದು ಮುಟ್ಟಬಾರದು. ಕಣ್ಣೀರು ಹಾಕಬಾರದು, ಹಾಲು ಬತ್ತುತ್ತದೆ. ನಲವತ್ತು ದಿನ ಗಂಡಸರ ನೆರಳು ಆ ಬಾಗಿಲಿಗೆ ಬೀಳಬಾರದು. ಮಗುವಿನ ಅಪ್ಪನದಾದರೂ ಸರಿ. ಭಾವ ಪಾಪದವನು. ವಾರಕ್ಕೊಮ್ಮೆ ಸೊರಬದಿಂದ ಬಸ್ಸು ಹಿಡಿದು ಶಿಕಾರಿಪುರಕ್ಕೆ ಬಂದು, ಅಲ್ಲಿಂದ ಬಿಸಿಲಲ್ಲಿ ನಡೆದು ಬರುತ್ತಿದ್ದ. ಅವರಮ್ಮ ಕಟ್ಟಿದ ಅಂಟಿನುಂಡೆಯ ಡಬ್ಬಿಯನ್ನು ಅಜ್ಜಿಯ ಕೈಗೆ ಒಪ್ಪಿಸಿ, ನಡುಮನೆಯಲ್ಲಿ ಕೋಣೆಯ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದ. ಅಪ್ಪ ಎದುರಿಗೇ ಮಾರು ದೂರದಲ್ಲಿ ಕೂತಿದ್ದರೂ ಭಾವನ ಮಾತು ಮಾತ್ರ ಗದ್ದೆಯ ಆಚೆಯವರನ್ನು ಕರೆಯುವಷ್ಟು ಜೋರು.

"ಮಾವ, ಅಂಗಳದ ಮಲ್ಲಿಗೆ ಬಳ್ಳಿಗೆ ದಿನಾ ನಾನೇ ನೀರು ಹಾಕ್ತಾ ಇದ್ದೀನಿ! ಮೊಗ್ಗು ಬಂದಿದೆ ಮಾವ!"

ಅಪ್ಪನಿಗೆ ಮಲ್ಲಿಗೆ ಬಳ್ಳಿಯಿಂದ ಏನಾಗಬೇಕು? ಹೂಂ ಹೂಂ ಅನ್ನುತ್ತಿದ್ದ. ಒಳಗಿನಿಂದ ಅಕ್ಕನ ಬಳೆ ಸದ್ದು ಒಂದು ಸಲ ಕೇಳುತ್ತಿತ್ತು. ಅಷ್ಟು ಕೇಳಿಸಿಕೊಂಡು, ಊಟ ಮಾಡಿ, ಭಾವ ಮತ್ತೆ ಬಸ್ಸಿಗೆ ನಡೆಯುತ್ತಿದ್ದ.

ಅಕ್ಕ ಕೋಣೆ ಸೇರಿದ ವಾರವೇ ಹಿತ್ತಲ ಅಂಚಿನ ಹಿಪ್ಪೆಮರದಲ್ಲೂ ಗಡಿಬಿಡಿ ಶುರುವಾಗಿತ್ತು. ನೆಲದಿಂದ ಎರಡಾಳು ಎತ್ತರದಲ್ಲಿ ಆ ಮರಕ್ಕೊಂದು ಪೊಟರೆ. ಬೂದು ಬಣ್ಣದ, ಉದ್ದ ಬಾಲದ, ಕೊಕ್ಕಿನ ಮೇಲೆ ಇನ್ನೊಂದು ಸಣ್ಣ ಕೊಕ್ಕು ಅಂಟಿಸಿದ ಹಾಗಿರುವ ಎರಡು ಮಂಗಟ್ಟೆಗಳು ಅದರ ಸುತ್ತ ಓಡಾಡುತ್ತಿದ್ದವು. ಒಂದು ದಿನ ಹೆಣ್ಣು ಒಳಗೆ ಹೋಗಿದ್ದು ಹೊರಗೆ ಬರಲೇ ಇಲ್ಲ. ಗಂಡು ಮಣ್ಣಿನ ಉಂಡೆ ತಂದು ಪೊಟರೆಯ ಬಾಯಿಗೆ ಕೊಡುವುದನ್ನು ನಾನೇ ನೋಡಿದೆ. ದಿನದಿಂದ ದಿನಕ್ಕೆ ಆ ಬಾಯಿ ಕಿರಿದಾಗುತ್ತಾ ಬಂದು, ಕೊನೆಗೆ ನನ್ನ ಎರಡು ಬೆರಳು ಹಿಡಿಸುವಷ್ಟು ಸೀಳು ಮಾತ್ರ ಉಳಿಯಿತು. ಬೇಸಿಗೆ ರಜೆ, ಮಾಡುವುದಕ್ಕೆ ಬೇರೆ ಕೆಲಸವಿಲ್ಲ. ನಾನು ಬಣವೆಯ ಸಂದಿಯಲ್ಲಿ ತೂರಿಕೊಂಡು ಹೋಗಿ ಕಿಂಡಿಗೆ ಬಾಯಿಟ್ಟು ಅಕ್ಕನಿಗೆ ವರದಿ ಒಪ್ಪಿಸುತ್ತಿದ್ದೆ.

"ಅಕ್ಕಾ, ಅವನು ಹೆಂಡ್ತೀನ ಒಳಗೆ ಹಾಕಿ ಮಣ್ಣು ಮೆತ್ತಿಬಿಟ್ಟ!"

"ಅವಳನ್ನೂ ಕೂಡಿಹಾಕಿದ್ರಾ? ಪಾಪ. ಅವಳಿಗೂ ಕಿವಿಗೆ ಹತ್ತಿ ಇಟ್ಟಿದ್ದಾರೇನು ಕೇಳು."

ಅಕ್ಕ ತಮಾಷೆಗೆ ಹೇಳಿದ್ದು. ನನಗೆ ಅದು ತಮಾಷೆ ಅನ್ನಿಸಲಿಲ್ಲ. ಅಕ್ಕನ ಕೋಣೆಯ ಬಾಗಿಲು ತೆಗೆಯುವುದು ನನ್ನ ಕೈಲಿರಲಿಲ್ಲ, ಆ ಹಕ್ಕಿಯದಾದರೂ ತೆಗೆಯೋಣ ಅಂತ ಎರಡು ದಿನ ಒಳಗೊಳಗೇ ಕುದ್ದೆ. ಮೂರನೆಯ ದಿನ ಮಧ್ಯಾಹ್ನ, ಗಂಡು ಹಣ್ಣಿಗೆ ಹೋದ ಹೊತ್ತು ನೋಡಿ, ಮಾವಿನಕಾಯಿ ಕೀಳುವ ದೋಟಿಯನ್ನು ಹೊತ್ತುಕೊಂಡು ಹೋಗಿ ಆ ಮಣ್ಣಿನ ಬಾಗಿಲನ್ನು ಕುಟ್ಟಿದೆ. ಕಲ್ಲಿನ ಹಾಗಿತ್ತು. ಬೆವರು ಸುರಿಸಿ ಕುಟ್ಟಿದ ಮೇಲೆ ಅರ್ಧ ಬಾಗಿಲು ಕಳಚಿ ನನ್ನ ತಲೆಯ ಮೇಲೇ ಬಿತ್ತು. ನಾನು ದೊಡ್ಡ ಉಪಕಾರ ಮಾಡಿದವಳ ಹಾಗೆ ಮೇಲೆ ನೋಡುತ್ತಾ ನಿಂತೆ. ಹಕ್ಕಿ ಹಾರಿ ಬರಲಿಲ್ಲ. ಒಳಗಿನಿಂದ ಕೊಕ್ಕು ಹೊರಗೆ ಬಂದು ದೋಟಿಯ ತುದಿಯನ್ನು ಟಕ್ ಅಂತ ಕಚ್ಚಿತು. ಒಂದು ಕಣ್ಣು ನನ್ನನ್ನೇ ದುರುಗುಟ್ಟಿ ನೋಡಿತು. ಆಮೇಲೆ ಅದು ಹಿಂದೆ ಸರಿದಾಗ ಕಂಡೆ: ಅದಕ್ಕೆ ಹಾರುವ ಗರಿಗಳೇ ಇರಲಿಲ್ಲ. ರೆಕ್ಕೆ ಅನ್ನುವುದು ಮೊಂಡು ಪೊರಕೆಯ ಹಾಗಿತ್ತು. ಮರದ ಬುಡದಲ್ಲಿ ಕೆಲವು ದಿನಗಳಿಂದ ನಾನು ಆರಿಸಿ ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದ ಉದ್ದದ ಗರಿಗಳು ಅವಳವೇ. ಒಳಗೆ ಕೂತು ಅವಳು ಉದುರಿಸಿ ಸೀಳಿನಿಂದ ಹೊರಗೆ ಹಾಕಿದ್ದವು.

ಅಯ್ಯೋ ಶಿವನೇ, ಆಗ ನನಗಾದ ಗಾಬರಿ! ಮುರಿದದ್ದನ್ನು ಮತ್ತೆ ಅಂಟಿಸಲು ನನ್ನಿಂದ ಆಗುವಂತಿರಲಿಲ್ಲ. ಎರಡು ಕಾಗೆಗಳು ಆಗಲೇ ಪಕ್ಕದ ಕೊಂಬೆಗೆ ಬಂದು ಕೂತು ಕತ್ತು ವಾರೆ ಮಾಡಿ ಒಳಗೆ ಇಣುಕುತ್ತಿದ್ದವು. ಒಂದು ಕೋಲು ಹಿಡಿದು ಮರದ ಕೆಳಗೆ ನಿಂತೆ. ಅವ್ವ ಊಟಕ್ಕೆ ಕರೆದರೂ ಹೋಗಲಿಲ್ಲ. ಸಂಜೆ ಒಂದು ಉಡ ಕಾಂಡ ಹತ್ತುವುದಕ್ಕೆ ಬಂತು. ಅದಕ್ಕೆ ಕಲ್ಲು ಹೊಡೆದು ಕಾಲುವೆಯವರೆಗೆ ಓಡಿಸಿದೆ. ಅಷ್ಟರಲ್ಲಿ ಮೇಲೆ ಕೆಲಸ ಶುರುವಾಗಿತ್ತು. ಅವಳು ತನ್ನದೇ ಹಿಕ್ಕೆಗೆ ಅಗಿದ ಅತ್ತಿಹಣ್ಣು ಬೆರೆಸಿ, ಕೊಕ್ಕಿನ ಮಗ್ಗುಲಿನಿಂದ, ಅವ್ವ ಒಲೆಗೆ ಮಣ್ಣು ಮೆತ್ತುವ ಹಾಗೆ ತಟ್ಟಿ ತಟ್ಟಿ ಬಾಗಿಲು ಕಟ್ಟುತ್ತಿದ್ದಳು. ಒಳಗಿನಿಂದ! ಗಂಡು ಹೊರಗೆ ಕೂತು ಮಣ್ಣು ಒದಗಿಸುತ್ತಿದ್ದ, ಅಷ್ಟೇ. ಎರಡು ದಿನ ಎರಡೂ ಹೊತ್ತು ಕಾವಲಿದ್ದೆ. ಮೂರನೆಯ ದಿನ ಬಾಗಿಲು ಮೊದಲಿನ ಹಾಗಾಯಿತು. ನಾನು ಕಿಂಡಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿ ಗೊಳೋ ಅಂತ ಅತ್ತೆ.

"ಹಂಗಾದ್ರೆ ಚಿಲಕ ಹಾಕ್ಕೊಂಡಿದ್ದು ಅವಳೇ ಅನ್ನು," ಅಂದಳು ಅಕ್ಕ. ಆಮೇಲೆ, "ಅವನು ಬರ್ತಾನೆ ಅಂತ ಎಷ್ಟು ಗಟ್ಟಿ ನಂಬಿಕೆ ನೋಡೇ ಅವಳಿಗೆ," ಅಂದಳು.

ಅವತ್ತಿನಿಂದ ನಾನು ಎಣಿಸುವುದಕ್ಕೆ ಶುರು ಮಾಡಿದೆ. ಗಂಡು ಆಲದ ಹಣ್ಣು, ಅತ್ತಿಹಣ್ಣು ನುಂಗಿ ಗಂಟಲಲ್ಲಿ ತುಂಬಿಕೊಂಡು ಬಂದು, ಮೊದಲು ಎದುರಿನ ಒಣಕೊಂಬೆಯ ಮೇಲೆ ಕೂತು ಸುತ್ತ ನೋಡಿ, ಆಮೇಲೆ ಸೀಳಿನ ಹತ್ತಿರ ಹೋಗಿ ಒಂದೊಂದೇ ಹಣ್ಣನ್ನು ಗಂಟಲಿನಿಂದ ಮೇಲೆ ತಂದು ಕೊಕ್ಕಿನ ತುದಿಯಲ್ಲಿ ಹಿಡಿದು ಕೊಡುತ್ತಿದ್ದ. ಒಂದು ದಿನ ಹದಿನೇಳು ಸಲ ಬಂದ. ಇನ್ನೊಂದು ದಿನ ಇಪ್ಪತ್ತೊಂದು. ಅಕ್ಕನಿಗೆ ಆ ಲೆಕ್ಕ ಕೇಳದೆ ಸಂಜೆ ಊಟ ಸೇರುತ್ತಿರಲಿಲ್ಲ. ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಅಪ್ಪನಿಗೆ, ಅವ್ವನಿಗೆ, ಪಕ್ಕದ ಮನೆಯಿಂದ ಬಂದಿರುತ್ತಿದ್ದ ಚಿಕ್ಕಪ್ಪನಿಗೆ ಅದೇ ಪುರಾಣ ಕೊರೆಯುತ್ತಿದ್ದೆ. ಎಷ್ಟು ಹೊತ್ತಿಗೆ ಬರುತ್ತಾನೆ, ಯಾವ ಕೊಂಬೆಯ ಮೇಲೆ ಕೂರುತ್ತಾನೆ, ಎಷ್ಟು ಹೊತ್ತು ಕೂರುತ್ತಾನೆ. ನನ್ನ ಬಾಯಿಗೆ ಆಗ ಯಾರಾದರೂ ಹತ್ತಿ ತುರುಕಬೇಕಿತ್ತು.

ಮಗುವಿಗೆ ತಿಂಗಳು ತುಂಬುವ ಹೊತ್ತಿಗೆ ಅಕ್ಕನ ಸೊಂಟ ಹಿಡಿದುಕೊಂಡಿತು. ಮೊದಮೊದಲು ಏಳುವಾಗ ಮಾತ್ರ ಮುಲುಕುತ್ತಿದ್ದವಳು ಆಮೇಲೆ ಎದ್ದು ಕೂರಲೂ ಆಗದ ಹಾಗಾದಳು. ಮಗುವನ್ನು ಅವ್ವ ಎತ್ತಿ ಎದೆಗೆ ಹಿಡಿಯಬೇಕಾಗುತ್ತಿತ್ತು. ಅಜ್ಜಿ ಬಿಸಿ ಇಟ್ಟಿಗೆಯ ಶಾಖ ಕೊಟ್ಟಳು, ಲಕ್ಕಿಸೊಪ್ಪಿನ ನೀರು ಎರೆದಳು, ಎಳ್ಳೆಣ್ಣೆ ಕಾಯಿಸಿ ತಿಕ್ಕಿದಳು. ನೋವು ಯಾವುದಕ್ಕೂ ಬಗ್ಗಲಿಲ್ಲ. ಊರೆಲ್ಲರ ಬಾಣಂತನ ಮಾಡಿದವಳಿಗೆ ತನ್ನ ಮೊಮ್ಮಗಳನ್ನು ನೆಟ್ಟಗೆ ಕೂರಿಸಲಾಗಲಿಲ್ಲ. ಅವಳ ಮುಖ ಸಣ್ಣದಾಗಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಒಂದು ಸಂಜೆ ಚಿಕ್ಕಪ್ಪನನ್ನು ಕರೆಸಿದಳು. ಗದ್ದೆಗೆ ನುಗ್ಗುವ ಹಂದಿ ಓಡಿಸಲು ಅವನ ಹತ್ತಿರ ಒಂದು ಕೋವಿ ಇತ್ತು.

"ನಾಳೆ ಬೆಳಿಗ್ಗೆ ಒಂದು ಮಂಗಟ್ಟೆ ಹೊಡಿ. ಅದರ ಕೊಬ್ಬು ಕಾಯ್ಸಿ ಎಣ್ಣೆ ತೆಗೀಬೇಕು. ಬಾಣಂತಿ ಸೊಂಟಕ್ಕೆ ಅದನ್ನ ಬಿಟ್ಟರೆ ಬ್ಯಾರೆ ಇಲ್ಲ. ನಮ್ಮವ್ವ ನನಗೂ ಹಚ್ಚಿದ್ದಳು."

"ಹುಡುಕೋದೇ ಬ್ಯಾಡ ಬಿಡವ್ವ," ಅಂದ ಚಿಕ್ಕಪ್ಪ ನನ್ನ ಕಡೆ ನೋಡಿ ನಗುತ್ತಾ. "ನಮ್ಮ ಪಾರಿ ಎಲ್ಲ ಹೇಳ್ಯಾಳಲ್ಲ. ಹೊತ್ತು ಏರಿದ ಕೂಡ್ಲೇ ಒಣಕೊಂಬೆ ಮ್ಯಾಲೆ ಬಂದು ಕೂರ್ತತಿ."

ನನ್ನ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು. ನಾನೇ ಹೇಳಿದ್ದು. ಗಂಟೆ, ಕೊಂಬೆ, ಎಲ್ಲವನ್ನೂ ನಾನೇ ಹೇಳಿದ್ದು. ಅವ್ವನ ಸೆರಗು ಹಿಡಿದೆಳೆದೆ, ಅವಳು ತಲೆ ಎತ್ತಲಿಲ್ಲ. ಅಪ್ಪನ ಹತ್ತಿರ ಹೋಗಿ ಬೇಡ ಅನ್ನಿ ಅಂತ ಗೋಗರೆದೆ. ಅಪ್ಪ ಬೈಯಲಿಲ್ಲ, ತಲೆ ಸವರಿ ಕೇಳಿದ.

"ನಿನಗೆ ಅಕ್ಕ ಹೆಚ್ಚೋ, ಹಕ್ಕಿ ಹೆಚ್ಚೋ? ನೀನೇ ಹೇಳು ಮಗಾ."

ಅಕ್ಕನೇ ಹೆಚ್ಚು, ಅದರಲ್ಲಿ ಎರಡು ಮಾತಿಲ್ಲ. ಅಕ್ಕ ನರಳುವುದನ್ನು ಕಿಂಡಿಯಲ್ಲಿ ದಿನಾ ಕೇಳುತ್ತಿದ್ದವಳು ನಾನು. ಆದರೆ ನಾಳೆ ಬೆಳಿಗ್ಗೆ ಅವನು ಬರದಿದ್ದರೆ, ನಾಡಿದ್ದೂ ಬರದಿದ್ದರೆ, ರೆಕ್ಕೆಯಿಲ್ಲದ ಅವಳು ಆ ಸೀಳಿಗೆ ಕೊಕ್ಕಿಟ್ಟುಕೊಂಡು ಎಷ್ಟು ದಿನ ಕಾಯುತ್ತಾಳೆ? ಒಳಗೆ ಮರಿಗಳ ಕೀರಲು ದನಿ ನಾಲ್ಕು ದಿನದಿಂದ ಕೇಳಿಸುತ್ತಿತ್ತು. ನಾನು ಬಣವೆಯ ಸಂದಿಗೆ ಓಡಿದೆ. ದೀಪ ಹಚ್ಚುವ ಹೊತ್ತು. ಅಕ್ಕನಿಗೆ ಹೇಳಿದೆ.

"ಅಕ್ಕಾ, ಎಣ್ಣೆ ಹಚ್ಚಿದ್ರೆ ನೋವು ಹೋಗುತ್ತಾ?"

"ಹೋಗುತ್ತೆ ಕಣೇ. ಅಜ್ಜಿ ಹೇಳಿದ್ದು ಯಾವತ್ತಾದ್ರೂ ಸುಳ್ಳಾಗಿದ್ಯಾ?" ಮಗು ಎಲ್ಲೋ ಒಳಗೆ ಗೊಣಗುಟ್ಟಿತು. "ಬ್ಯಾಡ ಅಂತ ಹೇಳು ಹೋಗು. ನಾನು ಹಚ್ಚಿಸ್ಕೊಳಲ್ಲ. ಇಲ್ಲಿ ಮಲಗಿಕೊಂಡು ನಾನು ಏನು ಕೇಳ್ತಾ ಇರ್ತೀನಿ ಅಂತ ನನಗೇ ಗೊತ್ತು. ವಾರವೆಲ್ಲಾ ಅವರ ಹೆಜ್ಜೆ ಸಪ್ಪಳಕ್ಕೇ ಕಿವಿ ಕೊಟ್ಟಿರ್ತೀನಿ."

ಆ ಎಣ್ಣೆಯಿಂದ ಏನೂ ಆಗುತ್ತಿರಲಿಲ್ಲ ಅಂತ ಇವತ್ತು ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಅಕ್ಕನಿಗೆ ಅದು ಗೊತ್ತಿರಲಿಲ್ಲ. ವಾಸಿಯಾಗುತ್ತದೆ ಅಂತ ನಂಬಿಕೊಂಡೇ ಅವಳು ಬೇಡ ಅಂದಳು. ಹತ್ತೊಂಬತ್ತು ವರ್ಷದ ಹುಡುಗಿ. ನೆನೆಸಿಕೊಂಡರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತು ಅಕ್ಕ ಬೇಡ ಅಂದಳು ಅಂತ ಹೇಳಿದೆ. ಅಜ್ಜಿ ಬಾಣಂತಿ ಸಾರಿಗೆ ಮೆಣಸು ಕುಟ್ಟುತ್ತಿದ್ದಳು, ನಿಲ್ಲಿಸಲಿಲ್ಲ.

"ಬಾಣಂತಿ ಅಪ್ಪಣೆ ಕೇಳಿ ಬಾಣಂತನ ಮಾಡ್ತಾರೇನೇ? ಹೋಗಿ ಮಲಕ್ಕ."

ಅಲ್ಲಿಗೆ ಮಾತು ಮುಗಿದ ಹಾಗೇ. ಆ ಮನೆಯಲ್ಲಿ ಅಜ್ಜಿ ಮಲಗು ಅಂದರೆ ಅಪ್ಪನೇ ಮಲಗುತ್ತಿದ್ದ. ನಾನು ಹೊಸ್ತಿಲು ಬಿಟ್ಟು ಕದಲಲಿಲ್ಲ.

"ಅಜ್ಜಿ, ಒಳಗಿರೋಳೂ ಬಾಣಂತಿ."

"ಯಾವ ಒಳಗೆ?"

"ಮರದೊಳಗೆ. ಮರಿ ಹುಟ್ಟಿ ನಾಲ್ಕು ದಿನ ಆಯ್ತು. ಗಾಳಿ ಸೋಕಬಾರದು ಅಂತ ಅವಳೇ ಬಾಗಿಲು ಹಾಕ್ಕೊಂಡಿದ್ದಾಳೆ. ಗಂಡ ಒಳಗೆ ಹೋಗಲ್ಲ, ಹೊರಗಿಂದ ಕೊಟ್ಟು ಹೋಗ್ತಾನೆ. ಅವನು ತಂದದ್ದು ಬಿಟ್ಟು ಅವಳಿಗೆ ಬೇರೆ ಊಟ ಇಲ್ಲ. ನಾಳೆಯಿಂದ ಅವಳು ಉಪವಾಸ. ನೀನು ಆ ಮನೀಲಿ ನೀರು ಮುಟ್ಟಲ್ಲ ಅಂದಿದ್ದೆ ಅಲ್ವಾ ಅಜ್ಜಿ? ನಾಳೆಯಿಂದ ನಮ್ಮ ಮನೀಲಿ ಹೆಂಗೆ ನೀರು ಕುಡೀತೀಯ?"

ಕುಟ್ಟಾಣಿಯ ಸದ್ದು ನಿಂತಿತು. ಅವ್ವ ಒಲೆಯ ಮುಂದೆ, ನನಗೆ ಬೀಳಲಿದ್ದ ಏಟಿಗೆ ತಾನೇ ಬೆನ್ನು ಗಟ್ಟಿ ಮಾಡಿಕೊಂಡ ಹಾಗೆ ಕೂತಳು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಕ್ಕಿಗೆ ಎಂಥ ಬಾಣಂತನನೇ," ಅಂದಳು ಕೊನೆಗೆ. ಆದರೆ ಅದರಲ್ಲಿ ಯಾವತ್ತಿನ ಜೋರು ಇರಲಿಲ್ಲ. "ಬೆಳಿಗ್ಗೆ ನೋಡಾಣ, ಹೋಗು."

ಬೆಳಿಗ್ಗೆ ನಾನು ಹಿತ್ತಲಿಗೆ ಹೋಗುವುದರೊಳಗೆ ಅಜ್ಜಿ ಅಲ್ಲಿದ್ದಳು. ಹಿಪ್ಪೆ ಹೂ ಉದುರಿ ನೆಲವೆಲ್ಲ ಸಿಹಿ ವಾಸನೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಪೊಟರೆಯನ್ನೇ ನೋಡುತ್ತಿದ್ದಳು, ಹೊಸ ಮನೆಗೆ ಬಾಣಂತನಕ್ಕೆ ಹೋದಾಗ ಕೋಣೆ ಪರೀಕ್ಷೆ ಮಾಡುವ ಅದೇ ನೋಟ. ಚಿಕ್ಕಪ್ಪ ಕೋವಿ ತಂದು ಬೇಲಿಗೆ ಒರಗಿ ನಿಂತ. ಸೀಳಿನ ಒಳಗಿನಿಂದ ಹೆಣ್ಣುಹಕ್ಕಿಯ ಹಿಂಭಾಗ ಕಾ‍ಣಿಸಿತು. ಪಿಚಕ್ಕನೆ ಹಿಕ್ಕೆ ಹೊರಗೆ ಹಾರಿ ಅಜ್ಜಿಯ ಕಾಲ ಬಳಿ ಬಿತ್ತು. ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದಳು.

"ಕೋಣೆ ಚೊಕ್ಕಟ ಇಟ್ಟಾಳೆ," ಅಂದಳು. ನಾನು ನಗು ತಡೆದುಕೊಂಡೆ.

ಅಷ್ಟರಲ್ಲಿ ಗಂಡು ಬಂದ. ಒಣಕೊಂಬೆಯ ಮೇಲೆ ಕೂತು ಕತ್ತು ತಿರುಗಿಸಿದ. ಚಿಕ್ಕಪ್ಪ ಕೋವಿ ಎತ್ತಿದ. ಅಜ್ಜಿ ತಿರುಗಿ ನೋಡದೆ ಒಂದು ಕೈಯನ್ನು ಹಿಂದಕ್ಕೆ ಚಾಚಿ ತಡಿ ಅಂದಳು. ಗಂಡು ಸೀಳಿನ ಹತ್ತಿರ ಹಾರಿಹೋಗಿ ಕಾಂಡಕ್ಕೆ ಅಂಟಿಕೊಂಡು ಕೂತ. ಗಂಟಲು ಕುಲುಕಿಸಿ ಒಂದು ಕೆಂಪು ಹಣ್ಣು ತಂದು ಕೊಟ್ಟ. ಒಳಗಿನ ಕೊಕ್ಕು ತೆಗೆದುಕೊಂಡಿತು. ಇನ್ನೊಂದು ಕೊಟ್ಟ. ಇನ್ನೊಂದು. ಒಳಗಿನಿಂದ ಮರಿಗಳ ದನಿ ಚೀಂ ಚೀಂ ಅಂತ ಎದ್ದು, ಒಂದೊಂದು ಹಣ್ಣಿಗೂ ತಗ್ಗಿ, ಮತ್ತೆ ಏಳುತ್ತಿತ್ತು. ಅಜ್ಜಿಯ ತುಟಿ ಅಲ್ಲಾಡುತ್ತಿದ್ದದ್ದನ್ನು ಕಂಡೆ. ಅವಳೂ ಎಣಿಸುತ್ತಿದ್ದಳು.

"ಇಳ್ಸೋ ಕೋವಿ."

"ಅಲ್ಲವ್ವ, ನೀನೇ ಕರೆದೆ. ಈಗ ನೀನೇ..."

"ನಿನ್ನೆ ನನಗೆ ಗೊತ್ತಿರ್ಲಿಲ್ಲ, ಇವತ್ತು ಗೊತ್ತಾಯ್ತು. ಇಳ್ಸು ಅಂದ್ನಲ್ಲ. ಈ ಮರದ ಕಡೆ ಕೋವಿ ಹಿಡಿದವನು ನನ್ನ ಮಗನೇ ಅಲ್ಲ ತಿಳ್ಕ."

ಚಿಕ್ಕಪ್ಪ ಗೊಣಗಿಕೊಂಡು ಹೋದ. ಅಜ್ಜಿ ನನ್ನ ಕಡೆ ನೋಡಲೂ ಇಲ್ಲ, ಭೇಷ್ ಅನ್ನಲೂ ಇಲ್ಲ. ನೇರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅಕ್ಕನ ಸೊಂಟಕ್ಕೆ ಎಳ್ಳೆಣ್ಣೆ ತಿಕ್ಕಲು ಕೂತಳು. ಮಧ್ಯಾಹ್ನದವರೆಗೆ ತಿಕ್ಕಿದಳು. ಕೈ ಸೋತು ಬಂದು ನಡುಮನೆಯಲ್ಲಿ ಗೋಡೆಗೆ ಒರಗಿದವಳನ್ನು ನೋಡಿ ನನಗೆ ಗೆದ್ದ ಖುಷಿಯೆಲ್ಲ ಇಳಿದುಹೋಯಿತು. ಅವಳ ಕಾಲ ಹತ್ತಿರ ಹೋಗಿ ಕೂತೆ. ಅವಳು ಬೈಯಲಿಲ್ಲ.

ಅಕ್ಕ ನಿಧಾನವಾಗಿ ಎದ್ದು ಓಡಾಡುವ ಹಾಗಾದಳು. ಆದರೆ ಆ ಸೊಂಟ ಅವಳನ್ನು ಪೂರ್ತಿ ಬಿಡಲಿಲ್ಲ. ಹೊಸಬಾಳೆಯ ಗದ್ದೆಯಲ್ಲಿ ನಾಟಿ ಮಾಡಿ ನೆಟ್ಟಗಾಗುವಾಗ, ಚಳಿಗಾಲದ ಬೆಳಗಿನಲ್ಲಿ ಒಲೆಯ ಮುಂದಿನಿಂದ ಏಳುವಾಗ, ಒಂದು ಕೈಯನ್ನು ಗೋಡೆಗೆ ಊರುತ್ತಿದ್ದಳು. ಮೊಮ್ಮಕ್ಕಳಾದ ಮೇಲೂ ನಾನು ಹೋದಾಗಲೆಲ್ಲ ಹಾಗೆ ಎದ್ದು ನನ್ನ ಕಡೆ ತಿರುಗಿ, "ನಿನ್ನ ಮಂಗಟ್ಟೆ ನೋಯ್ತಾ ಇದೆ ಕಣೇ ಪಾರಿ," ಅಂತ ನಗುತ್ತಿದ್ದಳು. ಬೇಡ ಅಂದದ್ದು ತಪ್ಪಾಯಿತು ಅಂತ ಒಂದು ದಿನವೂ ಅನ್ನಲಿಲ್ಲ. ಮಳೆಗಾಲ ಹಿಡಿಯುವ ಮುಂಚೆ ಒಂದು ಬೆಳಿಗ್ಗೆ ಹಿಪ್ಪೆಮರದ ಬಾಗಿಲು ಒಡೆದಿತ್ತು, ಹೊಸ ಗರಿ ಹೊತ್ತ ತಾಯಿ ಒಣಕೊಂಬೆಯ ಮೇಲೆ ಕೂತು ರೆಕ್ಕೆ ಬಿಚ್ಚಿ ಮುಚ್ಚಿ ನೋಡುತ್ತಿತ್ತು, ಎರಡು ಪೆದ್ದು ಮರಿಗಳು ಪೊಟರೆಯ ಬಾಯಲ್ಲಿ ನೂಕಾಡುತ್ತಿದ್ದವು. ಅಕ್ಕ ಗೋಡೆ ಹಿಡಿದುಕೊಂಡು ಮಗುವನ್ನೆತ್ತಿಕೊಂಡು ಬಂದು ಅದನ್ನು ಕಣ್ಣಾರೆ ಕಂಡಳು. ಇದೆಲ್ಲ ಆಮೇಲಿನ ಮಾತು. ನನ್ನ ಮನಸ್ಸಿನಲ್ಲಿ ಆ ಬೇಸಿಗೆ ಅಂದರೆ ಕೋವಿ ಇಳಿದ ಮೂರನೆಯ ದಿನವೇ.

ಅವತ್ತು ಭಾವ ಬಂದ. ನಲವತ್ತು ದಿನಕ್ಕೆ ಇನ್ನೂ ವಾರ ಬಾಕಿಯಿತ್ತು. ಬಿಸಿಲಿಗೆ ಮುಖ ಕೆಂಪಾಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಎಂದಿನ ಹಾಗೆ ಡಬ್ಬಿಯನ್ನು ಅಜ್ಜಿಯ ಮುಂದೆ ಚಾಚಿದ. ಅಜ್ಜಿ ಕೈ ನೀಡಲಿಲ್ಲ. ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನ ಧೂಳು ಹಿಡಿದ ಕಾಲನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಹಿತ್ತಲ ಕಡೆ ಕಿಂಡಿ ಐತಿ," ಅಂದಳು. "ನೀವೇ ಹೋಗಿ ಕೊಡ್ರಿ. ಒಳಗೆ ಹೋಗೋದು ಬ್ಯಾಡ. ಕಿಂಡೀಲಿ ಕೊಡ್ರಿ."

ಭಾವನಿಗೆ ಅರ್ಥವೇ ಆಗಲಿಲ್ಲ. ಅಪ್ಪನ ಮುಖ ನೋಡಿದ, ಅವ್ವನ ಮುಖ ನೋಡಿದ. ನಾನು ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ಬಣವೆಯ ಸಂದಿ ತೋರಿಸಿದೆ. ಅಷ್ಟು ದೊಡ್ಡ ಆಳು ಮಗ್ಗುಲು ತಿರುಗಿಸಿಕೊಂಡು ಅಲ್ಲಿ ತೂರಿದ. ಕಿಂಡಿ ತಟ್ಟಿದ. ಒಳಗಿನಿಂದ ಚಿಲಕ ಸರಿದ ಸದ್ದಾಯಿತು. ನಡುಮನೆಯಲ್ಲಿ ಕೂತು ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದ ಮನುಷ್ಯನ ಬಾಯಿಂದ ಈಗ ಒಂದು ಮಾತೂ ಬರಲಿಲ್ಲ. ಡಬ್ಬಿ ಕಿಂಡಿಯಲ್ಲಿ ತೂರಲಿಲ್ಲ. ಅಡ್ಡ ಹಿಡಿದ, ಉದ್ದ ಹಿಡಿದ, ಆಗಲಿಲ್ಲ. ಕೊನೆಗೆ ಮುಚ್ಚಳ ತೆಗೆದು ಅಂಟಿನುಂಡೆಗಳನ್ನು ಒಂದೊಂದಾಗಿ ಒಳಗೆ ಚಾಚಿದ. ಬಳೆ ತೊಟ್ಟ ಕೈ ಬಂದು ಒಂದೊಂದಾಗಿ ತೆಗೆದುಕೊಂಡಿತು. ನಾನು ಬಣವೆಯ ಪಕ್ಕ ನಿಂತು ಐದರವರೆಗೆ ಎಣಿಸಿದ್ದೆ. ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ಜಗ್ಗಿದರು.

"ಇದನ್ನೂ ಎಣಿಸ್ತೀಯೇನೇ? ನಡಿ ಒಳಗೆ."

ನಾನು ಹೋದೆ. ಮೂಲೆಯಲ್ಲಿ ತಿರುಗಿ ನೋಡಿದರೆ ಅಜ್ಜಿ ನನ್ನ ಹಿಂದೆ ಬಂದಿರಲಿಲ್ಲ. ಕಿಂಡಿಗೆ ಬೆನ್ನು ಹಾಕಿ, ಸಂದಿಗೆ ಅಡ್ಡವಾಗಿ, ಯಾರೂ ಆ ಕಡೆ ಬಾರದ ಹಾಗೆ ಒಂದು ಕೋಲು ಹಿಡಿದು ನಿಂತಿದ್ದಳು.